ಬಾನಿನಲ್ಲಿ ಬಿಸಿಲಿನ ಬೇಸಾಯ

ಹಾಸನದಿಂದ ಸಾಲಗಾಮೆ ರಸ್ತೆ ಹಿಡಿದು ಹೊರಟವರಿಗೆ ಆಕಾಶಕ್ಕೆ ಮುಖ ಮಾಡಿ ನಿಂತ ದೊಡ್ಡ ದೊಡ್ಡ ಬಿಳಿಯ ಬೋಗುಣಿಗಳು ಕಾಣುತ್ತವೆ. ಸುತ್ತಲೂ ಆಲೂಗಡ್ಡೆ, ರಾಗಿ, ಮುಸುಕಿನ ಜೋಳದ ಹೊಲಗಳ ಸೀಮೆ. ಚನ್ನರಾಯಪಟ್ಟಣದ ಕಡೆಗೆ ತಿರುಗಿದರೆ ತೆಂಗಿನ ತೋಟಗಳು. ನಡುವೆ ಈ ಬೋಗುಣಿಗಳು. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಈ ಮುಖ್ಯ ನಿಯಂತ್ರಣ ಕೇಂದ್ರವನ್ನು ಜಿಲ್ಲೆಯ ಜನ ‘ಎಂ.ಸಿ.ಎಫ್.’ ಎಂದೇ ಕರೆಯುತ್ತಾರೆ. ಉಪಗ್ರಹವನ್ನು ಕಟ್ಟುವುದು ಬೆಂಗಳೂರಿನಲ್ಲಿ, ಹಾರಿಸುವುದು ಶ್ರೀಹರಿಕೋಟಾದಿಂದಲೋ ದೂರದ ಫ್ರೆಂಚ್ ಗಯಾನಾದಿಂದಲೋ. ಹಾರಿದ ಮೇಲೆ ವರ್ಷಾನುಗಟ್ಟಲೆ ಅದನ್ನು ಸಾಕುವ ಕೆಲಸ ಮಾತ್ರ 1982ರಿಂದ ಹಾಸನದ್ದು. 2005ರಲ್ಲಿ ಭೋಪಾಲದಲ್ಲಿ ಇಂಥದೇ ಇನ್ನೊಂದು ಕೇಂದ್ರ ಆರಂಭವಾದ ಮೇಲೆ ಈ ಹೊಣೆಯಲ್ಲಿ ಅದೂ ಪಾಲು ಪಡೆಯಿತು.

ಸಾಕುವುದು ಎಂದರೆ ಮೊದಲು ಹೊಟ್ಟೆಯ ಪ್ರಶ್ನೆ. ಭೂಮಿಯಿಂದ 36,000 ಕಿಲೋಮೀಟರ್ ಎತ್ತರದಲ್ಲಿರುವ ಯಂತ್ರಕ್ಕೆ ತಂತಿ ಎಳೆದು ವಿದ್ಯುತ್ ಕೊಡಲಾಗದು. ಅದರ ಅನ್ನ ಬಿಸಿಲು. ರೆಕ್ಕೆಗಳಂತೆ ಚಾಚಿದ ಸೌರಫಲಕಗಳು ಬಿಸಿಲನ್ನು ವಿದ್ಯುತ್ತಾಗಿ ಮಾಡಿಕೊಟ್ಟರೆ ದೂರದರ್ಶನ, ದೂರವಾಣಿ, ಹವಾಮಾನದ ಚಿತ್ರ ಎಲ್ಲವೂ ನಡೆಯುತ್ತವೆ. ಇಲ್ಲವಾದರೆ ಕೋಟ್ಯಂತರ ರೂಪಾಯಿಯ ಉಪಗ್ರಹ ಕೆಲವೇ ಗಂಟೆಗಳಲ್ಲಿ ಕಬ್ಬಿಣದ ಗುಜರಿಗೆ ಸಮ. ಹಾಸನ ಕೇಂದ್ರದ ಇತಿಹಾಸವನ್ನು ಓದುತ್ತ ಹೋದರೆ ಗೆಲುವು ಸೋಲುಗಳ ಪ್ರಸಂಗಗಳು ಮತ್ತೆ ಮತ್ತೆ ಈ ಫಲಕಗಳ ಸುತ್ತಲೇ ತಿರುಗುತ್ತವೆ. ಬಿಸಿಲಿಂದ ಇನ್ನಷ್ಟು ವಿದ್ಯುತ್ ಹಿಂಡುವ ಪ್ರಯತ್ನದ ಕಥೆಯೂ ಅದರೊಳಗೇ ಹೆಣೆದುಕೊಂಡಿದೆ.

ಮೊದಲ ಕೃತಕ ಉಪಗ್ರಹ ರಷ್ಯದ ಸ್ಪುಟ್ನಿಕ್‌ನಲ್ಲಿ ಸೌರಕೋಶ ಇರಲಿಲ್ಲ. 1957ರ ಅಕ್ಟೋಬರ್ 4ರಂದು ಹಾರಿದ ಅದು ಬ್ಯಾಟರಿ ಮುಗಿದ ಕಾರಣ ಮೂರು ವಾರದಲ್ಲಿ ಮೂಕವಾಯಿತು. ಮರುವರ್ಷ ಮಾರ್ಚ್‌ನಲ್ಲಿ ಅಮೆರಿಕ ಹಾರಿಸಿದ ವ್ಯಾನ್‌ಗಾರ್ಡ್ ‘ಗ್ರೇಪ್‌ಫ್ರೂಟ್’ ಎಂದು ಗೇಲಿಗೊಳಗಾಗುವಷ್ಟು ಪುಟ್ಟದು. ಆದರೆ ಅದರ ಮೈಮೇಲೆ ಸೌರಕೋಶಗಳಿದ್ದವು. ಅದರಲ್ಲಿದ್ದ ಬ್ಯಾಟರಿಯ ಪ್ರೇಷಕ ಜೂನ್ ಹೊತ್ತಿಗೆ ಸತ್ತಿತು, ಬಿಸಿಲನ್ನು ಉಂಡ ಪ್ರೇಷಕ 1964ರವರೆಗೆ ಮಾತನಾಡಿತು. ಅಲ್ಲಿಂದ ಮುಂದೆ ಉಪಗ್ರಹಕ್ಕೆ ಸೌರಕೋಶ ಬೇಕೆ ಬೇಡವೆ ಎಂಬ ಚರ್ಚೆಯೇ ನಿಂತುಹೋಯಿತು.

ಆ ಕೋಶ ಹುಟ್ಟಿದ್ದು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ, 1954ರಲ್ಲಿ. ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ಸಿಲಿಕಾನ್‌ನಿಂದ ಮಾಡಿದ ಕೋಶದ ದಕ್ಷತೆ ಸುಮಾರು ಶೇಕಡ 6. ದಕ್ಷತೆ ಎಂದರೆ ರೈತರ ಮಾತಿನಲ್ಲಿ ಇಳುವರಿ. ನೂರು ಪಾಲು ಬಿಸಿಲು ಬಿದ್ದರೆ ಎಷ್ಟು ಪಾಲು ವಿದ್ಯುತ್ ಕೈಗೆ ಬಂತು ಎಂಬ ಲೆಕ್ಕ. ನೆಲದ ಮೇಲೆ ಇಳುವರಿ ಕಡಿಮೆಯಾದರೆ ಇನ್ನೆರಡು ಎಕರೆ ಹೆಚ್ಚಿಗೆ ಬಿತ್ತಬಹುದು. ಬಾಹ್ಯಾಕಾಶದಲ್ಲಿ ಆ ಅನುಕೂಲ ಇಲ್ಲ. ರಾಕೆಟ್ಟಿನ ತಲೆಯ ಗೂಡಿನೊಳಗೆ ಮಡಿಸಿ ಇಡುವಷ್ಟೇ ಫಲಕ, ಅದು ಹೊರುವಷ್ಟೇ ತೂಕ. ವಾತಾವರಣದ ಹೊರಗೆ ಪ್ರತಿ ಚದರ ಮೀಟರಿಗೆ ಸುಮಾರು 1,361 ವಾಟ್ ಬಿಸಿಲು ಬೀಳುತ್ತದೆ. ಶೇಕಡ 10ರ ಕೋಶ ಅದರಲ್ಲಿ 136 ವಾಟ್ ಕೊಟ್ಟರೆ, ಶೇಕಡ 30ರ ಕೋಶ 400 ವಾಟ್ ದಾಟುತ್ತದೆ. ಅದೇ ಹೊಲ, ಮೂರು ಪಟ್ಟು ಬೆಳೆ.

ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ತಂಡದ ಹಿರಿಯರು ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್. 360 ಕಿಲೋ ತೂಕದ, 26 ಮುಖಗಳ ಆ ಗೋಳದ ಮೈತುಂಬ ಸೌರಕೋಶಗಳನ್ನು ಅಂಟಿಸಲಾಗಿತ್ತು. ಇಷ್ಟೆಲ್ಲ ಸೇರಿ ಸಿಗುತ್ತಿದ್ದದ್ದು ಸುಮಾರು 46 ವಾಟ್. ಹಳ್ಳಿಮನೆಯ ಒಂದು ಬಲ್ಬಿಗೆ ಸಾಲುವಷ್ಟು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಅದು ಹಾರಿತು. ಐದನೆಯ ದಿನದ ಹೊತ್ತಿಗೆ ವಿದ್ಯುತ್ ವ್ಯವಸ್ಥೆಯಲ್ಲಿ ದೋಷ ಕಂಡು ವೈಜ್ಞಾನಿಕ ಪ್ರಯೋಗಗಳು ನಿಂತವು. ದೇಶದ ಮೊದಲ ಉಪಗ್ರಹವೇ ಕಲಿಸಿದ ಪಾಠ ವಿದ್ಯುತ್ತಿನದು ಎಂಬುದನ್ನು ಗಮನಿಸಬೇಕು.

ಎರಡನೆಯ ಪಾಠ ‘ಆ್ಯಪಲ್’ ಉಪಗ್ರಹದ್ದು. ಎತ್ತಿನ ಗಾಡಿಯ ಮೇಲೆ ಕುಳಿತ ಅದರ ಚಿತ್ರ ಜಗತ್ತಿಗೆಲ್ಲ ಪರಿಚಿತ. ಬಡತನದ ಗುರುತೆಂದು ಹಲವರು ಆ ಚಿತ್ರವನ್ನು ಬಳಸಿದ್ದುಂಟು. ನಿಜವೆಂದರೆ ಆ್ಯಂಟೆನಾ ಪರೀಕ್ಷೆಗೆ ಲೋಹವಿಲ್ಲದ ವಾಹನ ಬೇಕಿತ್ತು, ಮರದ ಗಾಡಿ ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. 1981ರ ಜೂನ್ 19ರಂದು ಹಾರಿದ ಮೇಲೆ ಅದರ ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ. ಒಂಟಿ ರೆಕ್ಕೆಯ ಆ ಹಕ್ಕಿಯಿಂದ ನಮ್ಮವರು ಎರಡು ವರ್ಷಕ್ಕೂ ಹೆಚ್ಚು ಕಾಲ ಕೆಲಸ ತೆಗೆದರು.

ಹಾಸನಕ್ಕೆ ಮೊದಲ ಕೂಸು ಬಂದದ್ದು ಮರುವರ್ಷ. ಅಮೆರಿಕದ ಫೋರ್ಡ್ ಏರೋಸ್ಪೇಸ್ ಕಂಪನಿ ಕಟ್ಟಿದ ಇನ್ಸಾಟ್-1ಎ 1982ರ ಏಪ್ರಿಲ್ 10ರಂದು ಹಾರಿತು. ಅದರ ವಿನ್ಯಾಸ ಸ್ವಲ್ಪ ವಿಚಿತ್ರ. ಮೋಡಗಳ ಚಿತ್ರ ತೆಗೆಯುವ ಉಪಕರಣವನ್ನು ತಣ್ಣಗಿಡಲು ಉತ್ತರದ ಬದಿ ಬಿಸಿಲಿನ ಸೋಂಕಿಲ್ಲದೆ ಖಾಲಿ ಆಕಾಶಕ್ಕೆ ತೆರೆದಿರಬೇಕಿತ್ತು. ಆದ್ದರಿಂದ ಸೌರಫಲಕವನ್ನೆಲ್ಲ ದಕ್ಷಿಣದ ಬದಿಗೇ ಜೋಡಿಸಿದರು. ಆದರೆ ಬಿಸಿಲಿಗೂ ಒಂದು ತಳ್ಳು ಇದೆ. ಭೂಮಿಯ ಮೇಲೆ ಅದು ಯಾರ ಅನುಭವಕ್ಕೂ ಬಾರದಷ್ಟು ಸೂಕ್ಷ್ಮ. ತೂಕವೇ ಇಲ್ಲದ ಜಾಗದಲ್ಲಿ ಹಗಲೂ ರಾತ್ರಿ ಒಂದೇ ಬದಿಯ ರೆಕ್ಕೆಯನ್ನು ತಳ್ಳುತ್ತಿದ್ದರೆ ಉಪಗ್ರಹ ಮೆಲ್ಲನೆ ತಿರುಗತೊಡಗುತ್ತದೆ. ತಕ್ಕಡಿಯ ಒಂದು ತಟ್ಟೆಗೆ ಸರಕು ಹಾಕಿದರೆ ಇನ್ನೊಂದಕ್ಕೆ ಕಲ್ಲು ಹಾಕಬೇಕಲ್ಲ, ಹಾಗೆ ಉತ್ತರದ ಬದಿಯಲ್ಲಿ ಉದ್ದನೆಯ ಕೋಲಿನ ತುದಿಗೆ ‘ಸೌರಪಟ’ವೊಂದನ್ನು ಬಿಚ್ಚುವ ಏರ್ಪಾಡಿತ್ತು. ಅದರ ಕೆಲಸ ವಿದ್ಯುತ್ ಉತ್ಪಾದಿಸುವುದಲ್ಲ, ಬಿಸಿಲಿನ ತಳ್ಳನ್ನು ಸರಿದೂಗಿಸುವುದಷ್ಟೇ.

ಆ ಪಟ ಬಿಚ್ಚಲಿಲ್ಲ. ಆ್ಯಂಟೆನಾವೊಂದು ಸಿಕ್ಕಿಕೊಂಡು ಬಹಳ ಸತಾಯಿಸಿ ಬಿಚ್ಚಿಕೊಂಡಿತು, ಪಟ ಮಾತ್ರ ಕೊನೆಗೂ ಜಗ್ಗಲಿಲ್ಲ. ಸಮತೋಲ ಕಾಯಲು ಉಪಗ್ರಹ ತನ್ನಲ್ಲಿದ್ದ ಇಂಧನವನ್ನು ಉರಿಸಬೇಕಾಯಿತು. ಆ ವರ್ಷದ ಆಗಸ್ಟ್ 15ರಂದು ದೂರದರ್ಶನದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದಾಗ ದೇಶಕ್ಕೆಲ್ಲ ಸಂಭ್ರಮ. ಮೂರು ವಾರ ಕಳೆದ ಮೇಲೆ ಸೆಪ್ಟೆಂಬರ್ 6ರಂದು ಉಪಗ್ರಹ ಕೈಬಿಟ್ಟಿತು. ಚಂದ್ರ ಅದರ ಭೂಸಂವೇದಕದ ನೋಟಕ್ಕೆ ಅಡ್ಡ ಬಂದು, ಭೂಮಿ ಎಲ್ಲಿದೆ ಎಂಬ ಗುರುತೇ ತಪ್ಪಿ, ಉಳಿದ ಇಂಧನವೂ ತೀರಿತು. ಏಳು ವರ್ಷ ಬಾಳಬೇಕಾದದ್ದು ಐದು ತಿಂಗಳು ತುಂಬುವ ಮೊದಲೇ ಮುಗಿಯಿತು. ಆಗಷ್ಟೇ ಬಾಗಿಲು ತೆರೆದಿದ್ದ ಹಾಸನ ಕೇಂದ್ರಕ್ಕೆ ಇದೆಂಥ ಪೆಟ್ಟು ಎಂಬುದನ್ನು ಊಹಿಸಬಹುದು.

ಅದರ ತಮ್ಮ ಇನ್ಸಾಟ್-1ಬಿಯನ್ನು 1983ರ ಆಗಸ್ಟ್ 30ರ ನಡುರಾತ್ರಿ ಕಳೆದ ಮೇಲೆ ‘ಚಾಲೆಂಜರ್’ ನೌಕೆ ಹೊತ್ತೊಯ್ದಿತು. ಅಮೆರಿಕದ ಸ್ಪೇಸ್ ಷಟಲ್ ರಾತ್ರಿಯಲ್ಲಿ ಮೇಲೆದ್ದದ್ದು ಅದೇ ಮೊದಲು. ಅದರಲ್ಲಿದ್ದ ಗಿಯಾನ್ ಬ್ಲೂಫರ್ಡ್ ಬಾಹ್ಯಾಕಾಶಕ್ಕೆ ಹೋದ ಮೊದಲ ಆಫ್ರಿಕನ್-ಅಮೆರಿಕನ್. ಮರುದಿನ ಉಪಗ್ರಹವನ್ನು ನೌಕೆಯಿಂದ ಸುರಕ್ಷಿತವಾಗಿ ಹೊರಬಿಟ್ಟರು. ಅದು ತನ್ನ ಕಕ್ಷೆ ಸೇರುವ ಹೊತ್ತಿಗೆ ಹಾಸನದಲ್ಲಿ ಎದೆಬಡಿತ ಶುರುವಾಯಿತು: ಈ ಬಾರಿ ಸೌರಫಲಕವೇ ಬಿಚ್ಚುತ್ತಿಲ್ಲ. ಫಲಕ ಬಿಚ್ಚದಿದ್ದರೆ ಹಿಂದಿನ ವರ್ಷದ ಕಥೆಯೇ ಮತ್ತೆ. ಫೋರ್ಡ್ ಕಂಪನಿಯವರೂ ನಮ್ಮ ಎಂಜಿನಿಯರುಗಳೂ ದಿನಗಟ್ಟಲೆ ಹೆಣಗಿದರು. ಸೆಪ್ಟೆಂಬರ್ ನಡುವಿನ ಹೊತ್ತಿಗೆ ಫಲಕ ತೆರೆದುಕೊಂಡಿತು. ಅಕ್ಟೋಬರ್‌ನಲ್ಲಿ ಉಪಗ್ರಹ ಪೂರ್ಣ ಕೆಲಸಕ್ಕೆ ಸಿದ್ಧವಾಯಿತು.

ಆ ಫಲಕ ಅಂದು ಬಿಚ್ಚದಿದ್ದರೆ ಏನಾಗುತ್ತಿತ್ತು? 1984ರಲ್ಲಿ ದೇಶದ ಉದ್ದಗಲಕ್ಕೂ ಟಿ.ವಿ. ಪ್ರೇಷಕ ಕೇಂದ್ರಗಳು ಅಷ್ಟು ವೇಗವಾಗಿ ಹರಡಿದ್ದು ಇನ್ಸಾಟ್-1ಬಿಯನ್ನು ನಂಬಿಕೊಂಡು. 1987-88ರ ಭಾನುವಾರದ ಬೆಳಿಗ್ಗೆ ‘ರಾಮಾಯಣ’ ನೋಡಲು ಇಡೀ ಬೀದಿ ಒಂದೇ ಮನೆಯ ಪಡಸಾಲೆಯಲ್ಲಿ ತುಂಬಿಕೊಳ್ಳುತ್ತಿದ್ದುದನ್ನು ಬಲ್ಲವರು ಇಂದಿಗೂ ಊರೂರಲ್ಲಿ ಸಿಗುತ್ತಾರೆ. ಟಿ.ವಿ. ಮೇಲೆ ಹೂವಿಟ್ಟು ಊದುಬತ್ತಿ ಹಚ್ಚಿದವರಿಗೆ, ಚಿತ್ರ ಹೊತ್ತುತಂದ ಯಂತ್ರವನ್ನು ತಮ್ಮದೇ ರಾಜ್ಯದ ಹಾಸನದಲ್ಲಿ ಕುಳಿತು ಕಾಯುತ್ತಿದ್ದಾರೆ ಎಂಬುದು ಗೊತ್ತಿದ್ದುದು ಕಡಿಮೆ. ಆ ಉಪಗ್ರಹ ತನಗೆ ಗೊತ್ತುಮಾಡಿದ್ದ ಏಳು ವರ್ಷವನ್ನು ಪೂರೈಸಿತು.

ಕಾಯುವುದರಲ್ಲಿ ಅತಿ ಸೂಕ್ಷ್ಮವಾದ ದಿನಗಳು ವರ್ಷಕ್ಕೆ ಎರಡು ಬಾರಿ ಬರುತ್ತವೆ. ಹಗಲು ರಾತ್ರಿ ಸಮನಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳ ಆಸುಪಾಸಿನಲ್ಲಿ, ಸುಮಾರು 45 ರಾತ್ರಿಗಳ ಕಾಲ, ಭೂಸ್ಥಿರ ಉಪಗ್ರಹಗಳು ಭೂಮಿಯ ನೆರಳನ್ನು ಹಾದುಹೋಗುತ್ತವೆ. ಕೆಳಗೆ ಯುಗಾದಿಯ, ನವರಾತ್ರಿಯ ದಿನಗಳು; ಮೇಲೆ ನಡುರಾತ್ರಿಯ ಹೊತ್ತಿಗೆ ಗ್ರಹಣ. ಹೆಚ್ಚೆಂದರೆ 72 ನಿಮಿಷ ಬಿಸಿಲೇ ಇರುವುದಿಲ್ಲ. ಅಷ್ಟು ಹೊತ್ತು ಬ್ಯಾಟರಿಯೇ ಗತಿ. ಗ್ರಹಣದ ಕಾಲ ಬರುವ ಮೊದಲೇ ಬ್ಯಾಟರಿಗಳನ್ನು ಹದಗೊಳಿಸಿ ಇಟ್ಟುಕೊಳ್ಳುವುದು ನಿಯಂತ್ರಣ ಕೇಂದ್ರಗಳ ಪದ್ಧತಿ. ಗ್ರಹಣದಲ್ಲಿ ಊಟ ಬಿಡುವ ಹಿರಿಯರ ಕ್ರಮ ಉಪಗ್ರಹಕ್ಕೆ ಕಡ್ಡಾಯವೆಂದು ತಮಾಷೆಗೆ ಹೇಳಬಹುದೇನೋ. ವ್ಯತ್ಯಾಸವೆಂದರೆ ಅದು ಬುತ್ತಿ ಕಟ್ಟಿಕೊಂಡು ಹೋಗಿರುತ್ತದೆ.

ಬಿಸಿಲನ್ನು ಹಿಡಿದರಷ್ಟೇ ಸಾಲದು, ಹಿಡಿದದ್ದು ಸೋರದೆ ತಲಪಬೇಕು. 1988ರ ಜುಲೈಯಲ್ಲಿ ಹಾರಿದ ಇನ್ಸಾಟ್-1ಸಿ ವಿದ್ಯುತ್ ವ್ಯವಸ್ಥೆ ಕೆಟ್ಟು ಅರ್ಧ ಶಕ್ತಿಯನ್ನು ಕಳೆದುಕೊಂಡಿತು. ಮರುವರ್ಷ ಪೂರ್ತಿ ಕೈತಪ್ಪಿತು. 1997ರ ಜೂನ್‌ನಲ್ಲಿ ಹಾರಿದ, ನಮ್ಮವರೇ ಕಟ್ಟಿದ ಇನ್ಸಾಟ್-2ಡಿ ಅಕ್ಟೋಬರ್ 4ರಂದು ವಿದ್ಯುತ್ ಮಾರ್ಗದ ದೋಷದಿಂದ ನಿಷ್ಕ್ರಿಯವಾಯಿತು. ತೆರಪು ತುಂಬಲು ಅರಬ್ ಒಕ್ಕೂಟದ ಹಳೆಯ ಉಪಗ್ರಹವೊಂದನ್ನು ಕೊಂಡುಕೊಳ್ಳಬೇಕಾಯಿತು. 2010ರ ಜುಲೈ 7ರಂದು ಇನ್ಸಾಟ್-4ಬಿಯ ಎರಡು ಫಲಕಗಳಲ್ಲಿ ಒಂದರಿಂದ ವಿದ್ಯುತ್ ಬರುವುದು ನಿಂತು ಅರ್ಧದಷ್ಟು ಟ್ರಾನ್ಸ್‌ಪಾಂಡರುಗಳನ್ನು ಆರಿಸಬೇಕಾಯಿತು. 2018ರ ಮಾರ್ಚ್ 29ರಂದು ಹಾರಿದ ಜಿಸ್ಯಾಟ್-6ಎ ಎರಡೇ ದಿನದಲ್ಲಿ ಸಂಪರ್ಕ ಕಡಿದುಕೊಂಡಿತು. ಅದರ ಬೆನ್ನಿಗೇ, ಉಡಾವಣೆಗೆಂದು ಫ್ರೆಂಚ್ ಗಯಾನಾ ತಲಪಿದ್ದ ಜಿಸ್ಯಾಟ್-11ನ್ನು ಹೆಚ್ಚಿನ ತಪಾಸಣೆಗಾಗಿ ಬೆಂಗಳೂರಿಗೆ ವಾಪಸು ತರಿಸಿದರು. ಸಾಗರ ದಾಟಿ ಹೋದ ಮದುವಣಗಿತ್ತಿಯನ್ನು ಮತ್ತೆ ತವರಿಗೆ ಕರೆಸಿದಂತೆ. ಆದರೆ ಆ ಎಚ್ಚರಿಕೆ ಸಾರ್ಥಕವಾಯಿತು. ಅದೇ ವರ್ಷ ಡಿಸೆಂಬರ್ 5ರಂದು ಹಾರಿದ ಆ ಉಪಗ್ರಹವನ್ನು ಹಾಸನದಿಂದ ಅದರ ಜಾಗಕ್ಕೆ ಮುಟ್ಟಿಸಿದರು.

ಜಿಸ್ಯಾಟ್-11ರ ತೂಕ 5,854 ಕಿಲೋ, ಅದರ ಫಲಕಗಳು ಕೊಡುವ ಶಕ್ತಿ 13 ಕಿಲೋವಾಟ್‌ಗೂ ಹೆಚ್ಚು. ಇನ್ಸಾಟ್-1ರ ಕಾಲದಲ್ಲಿ ಸಿಗುತ್ತಿದ್ದದ್ದು ಸುಮಾರು ಒಂದು ಕಿಲೋವಾಟ್. ಈ ಹೆಚ್ಚಳದಲ್ಲಿ ಫಲಕದ ಗಾತ್ರದ ಪಾಲು ಇದೆ, ಕೋಶದ ಜಾತಿಯ ಪಾಲೂ ಇದೆ. ಸಿಲಿಕಾನ್ ಬಿಟ್ಟು ಗ್ಯಾಲಿಯಂ ಆರ್ಸೆನೈಡ್ ಎಂಬ ವಸ್ತುವನ್ನು ಹಿಡಿದ ಮೇಲೆ ಉಪಗ್ರಹಗಳ ಸೌರಕೋಶದ ಚರಿತ್ರೆಯೇ ಬದಲಾಯಿತು. ಬಿಸಿಲಿನಲ್ಲಿ ಏಳು ಬಣ್ಣಗಳಿವೆ. ಒಂದೇ ವಸ್ತು ಎಲ್ಲ ಬಣ್ಣವನ್ನೂ ಚೆನ್ನಾಗಿ ಅರಗಿಸಿಕೊಳ್ಳಲಾರದು. ಅದಕ್ಕೆ ಮೂರು ಪದರಗಳನ್ನು ಒಂದರ ಮೇಲೊಂದು ಬೆಳೆಸಿ, ಮೇಲಿನದು ನೀಲಿಯನ್ನೂ ಕೆಳಗಿನದು ಕೆಂಪಿನಾಚೆಗಿನ ಬೆಳಕನ್ನೂ ಉಣ್ಣುವಂತೆ ಮಾಡಿದರು. ತೆಂಗಿನ ಮರದಡಿ ಬಾಳೆ, ಬಾಳೆಯ ಬುಡದಲ್ಲಿ ಶುಂಠಿ ಹಾಕುವ ತೋಟಗಾರನ ಜಾಣ್ಮೆಯೇ ಇದು. ಇಂಥ ಕೋಶಗಳ ದಕ್ಷತೆ ಶೇಕಡ 30ರ ಹತ್ತಿರ. ಬಾಹ್ಯಾಕಾಶದ ಕಣಗಳ ಹೊಡೆತವನ್ನೂ ಇವು ಸಿಲಿಕಾನ್‌ಗಿಂತ ಚೆನ್ನಾಗಿ ತಾಳುತ್ತವೆ. ಆ ಹೊಡೆತದಿಂದ ಯಾವ ಕೋಶವಾದರೂ ವರ್ಷ ವರ್ಷ ಸೊರಗುತ್ತದೆ. ಆದ್ದರಿಂದ ಫಲಕದ ಲೆಕ್ಕ ಹಾಕುವವರು ಮೊದಲ ದಿನದ ಶಕ್ತಿಯನ್ನು ನೋಡದೆ ಕೊನೆಯ ವರ್ಷದ ಶಕ್ತಿಯನ್ನು ನೋಡುತ್ತಾರೆ. ತೊಡಕು ಇರುವುದು ಬೆಲೆಯಲ್ಲಿ. ಗಾಜಿನಂತೆ ಒಡೆಯುವ, ಬಂಗಾರದಂತೆ ಬೆಲೆ ಬಾಳುವ ಸರಕು ಅದು.

ಅಗ್ಗವಾದ, ಹಗುರಾದ, ಸುರುಳಿ ಸುತ್ತಬಹುದಾದ ಕೋಶ ಸಿಗಲಾರದೆ ಎಂದು ಹುಡುಕುತ್ತ ಹೋದವರು ತಲಪಿದ್ದು ಸಾವಯವ ಸೌರಕೋಶಕ್ಕೆ. ಸಾವಯವ ಎಂದೊಡನೆ ಕೊಟ್ಟಿಗೆ ಗೊಬ್ಬರ ನೆನಪಾಗುವುದು ಸಹಜ. ಇಲ್ಲಿ ಅದರ ಅರ್ಥ ಇಂಗಾಲವನ್ನು ಮೂಲವಾಗುಳ್ಳ ವಸ್ತುಗಳು: ಬಣ್ಣಗಳು, ಪ್ಲಾಸ್ಟಿಕ್ಕುಗಳು. ಎಲೆಯ ಹಸಿರೂ ಆ ಜಾತಿಯದೇ. ಎಲೆ ಬಿಸಿಲಿನಿಂದ ಆಹಾರ ಮಾಡುವ ಗುಟ್ಟನ್ನು ಬಿಡಿಸಿ 1961ರಲ್ಲಿ ನೊಬೆಲ್ ಪಡೆದ ಮೆಲ್ವಿನ್ ಕ್ಯಾಲ್ವಿನ್, ಅದಕ್ಕೆ ಮೂರು ವರ್ಷ ಮೊದಲೇ ಕರ್ನ್ಸ್ ಎಂಬ ಸಹೋದ್ಯೋಗಿಯೊಡನೆ ಇಂಥ ವಸ್ತುವಿನಿಂದ ಸೌರಕೋಶ ಮಾಡಿದ್ದರು. ಬಂದ ವಿದ್ಯುತ್ ಲೆಕ್ಕಕ್ಕೆ ಸಿಗದಷ್ಟು ಅಲ್ಪ.

ಅಲ್ಪವಾಗಲು ಕಾರಣವಿದೆ. ಸಿಲಿಕಾನ್ ಮೇಲೆ ಬೆಳಕು ಬಿದ್ದರೆ ಎಲೆಕ್ಟ್ರಾನ್ ತಾನಾಗಿ ಬಿಡುಗಡೆ ಹೊಂದಿ ಓಡುತ್ತದೆ. ಸಾವಯವ ವಸ್ತುವಿನಲ್ಲಿ ಅದು ತಾನು ಬಿಟ್ಟುಬಂದ ಖಾಲಿ ಜಾಗಕ್ಕೆ ಕಟ್ಟುಬಿದ್ದೇ ಇರುತ್ತದೆ. ಈ ಜೋಡಿ ಸುಮಾರು ಹತ್ತು ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಲಕ್ಷದಲ್ಲಿ ಒಂದು ಪಾಲು, ದೂರ ನಡೆಯುವುದರೊಳಗೆ ಬೇರೊಂದು ವಸ್ತುವಿನ ಅಂಚನ್ನು ಮುಟ್ಟಿ ಬೇರ್ಪಟ್ಟರೆ ಸರಿ. ಇಲ್ಲದಿದ್ದರೆ ಹುಟ್ಟಿದಲ್ಲೇ ನಾಶ. 1986ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಎರಡು ಬೇರೆ ಬೇರೆ ಪದರಗಳನ್ನು ಒತ್ತಾಗಿ ಇಟ್ಟು ದಕ್ಷತೆಯನ್ನು ಶೇಕಡ 1ರ ಸಮೀಪಕ್ಕೆ ತಂದರು. ಪದರಗಳ ಗಡಿಯ ಹತ್ತಿರ ಹುಟ್ಟಿದವು ಮಾತ್ರ ಬದುಕುತ್ತಿದ್ದವು. 1995ರಲ್ಲಿ ಕ್ಯಾಲಿಫೋರ್ನಿಯದ ಅಲನ್ ಹೀಗರ್ ಅವರ ತಂಡ ಪದರಗಳ ಆಸೆ ಬಿಟ್ಟು ಎರಡನ್ನೂ ಕಲಸಿಬಿಟ್ಟಿತು. ಅನ್ನದ ಮೇಲೆ ಮೊಸರು ಹರಡಿದರೆ ಎರಡಕ್ಕೂ ಒಂದೇ ಗಡಿ. ಕಲಸಿದರೆ ಅಗುಳು ಅಗುಳಿಗೂ ಗಡಿ. ಹಾಗೆ ಕಲಸಲು ಪ್ಲಾಸ್ಟಿಕ್ಕಿನ ಜತೆಗೆ ಬಳಸಿದ್ದು ಫುಲರೀನ್ ಎಂಬ, ಅರವತ್ತು ಇಂಗಾಲದ ಪರಮಾಣುಗಳು ಫುಟ್‌ಬಾಲಿನಂತೆ ಹೆಣೆದುಕೊಂಡ ಅಣುವಿನ ಒಂದು ರೂಪವನ್ನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 1990ರ ದಶಕದ ಆರಂಭದಲ್ಲೇ ಈ ಅಣುವಿನ ಅಧ್ಯಯನಕ್ಕೆ ಇಳಿದಿತ್ತು.

ಮುಂದಿನ ಏರಿಕೆ ನಿಧಾನ. ಹತ್ತು ವರ್ಷದಲ್ಲಿ ಶೇಕಡ 5ರ ಆಸುಪಾಸು. ಫುಲರೀನ್ ಬಿಸಿಲನ್ನು ತಾನು ಹೆಚ್ಚು ಹೀರುವುದಿಲ್ಲ ಎಂಬುದು ದೊಡ್ಡ ಅಡ್ಡಿ. ಕೂಲಿಗೆ ಕರೆದವನು ಹೊರೆ ಹೊರುತ್ತಾನೆ, ಕೊಯ್ಲಿಗೆ ಕೈ ಹಾಕುವುದಿಲ್ಲ ಎಂಬಂತೆ. ಅದರ ಬದಲಿಗೆ ತಾನೂ ಬೆಳಕನ್ನು ಹೀರುವ ಹೊಸ ಅಣುಗಳನ್ನು ಚೀನಾದ ರಸಾಯನ ವಿಜ್ಞಾನಿಗಳು 2015ರಿಂದೀಚೆಗೆ ಕಟ್ಟಿದರು. 2019ರಲ್ಲಿ ‘ವೈ6’ ಎಂಬ ಅಣುವಿನೊಂದಿಗೆ ದಕ್ಷತೆ ಶೇಕಡ 15.7ಕ್ಕೆ ಜಿಗಿಯಿತು. 2024ರಲ್ಲಿ ಪ್ರಯೋಗಾಲಯದ ಪುಟ್ಟ ಕೋಶಗಳು ಶೇಕಡ 20ನ್ನು ಮುಟ್ಟಿದ ವರದಿಗಳು ಬಂದವು. ನಮ್ಮಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಕೆ.ಎಸ್. ನಾರಾಯಣ್ ಅವರ ಪ್ರಯೋಗಾಲಯ ಈ ‘ಕಲಸನ್ನ’ದ ಯಾವ ಬಿಂದುವಿನಲ್ಲಿ ಎಷ್ಟು ವಿದ್ಯುತ್ ಹುಟ್ಟುತ್ತದೆ ಎಂಬುದನ್ನು ಸೂಕ್ಷ್ಮವಾಗಿ ಅಳೆಯುವ ಕೆಲಸ ಮಾಡಿದೆ. ವಿಜ್ಞಾನ ಸಂಸ್ಥೆಯಲ್ಲೂ ಇಂಥ ಕೋಶಗಳಿಗೆ ಬೇಕಾದ ಪಾಲಿಮರುಗಳ ಶೋಧನೆ ನಡೆದಿದೆ. 2012ರಲ್ಲಿ ಭಾರತ-ಅಮೆರಿಕ ಜಂಟಿಯಾಗಿ ಆರಂಭಿಸಿದ ಸೌರಶಕ್ತಿ ಸಂಶೋಧನಾ ಯೋಜನೆಯ ಭಾರತದ ಕಡೆಯ ನೇತೃತ್ವ ಈ ಸಂಸ್ಥೆಯದಾಗಿತ್ತು.

ಇಂಥ ಕೋಶದ ಆಸೆ ಬಾಹ್ಯಾಕಾಶದವರಿಗೇಕೆ? ಒಂದು ಕಿಲೋ ತೂಕಕ್ಕೆ ಎಷ್ಟು ವಾಟ್ ಎಂಬ ಲೆಕ್ಕದಲ್ಲಿ, ಕೂದಲಿಗಿಂತ ತೆಳುವಾದ ಈ ಹಾಳೆಗಳ ಮುಂದೆ ಗಾಜು ಹೊದಿಸಿದ ಕೋಶಗಳು ಭಾರಿ ಹೊರೆ. ಚಾಪೆಯಂತೆ ಸುತ್ತಿ ಒಯ್ದು ಮೇಲೆ ಬಿಚ್ಚಬಹುದು. 1982ರಲ್ಲಿ, 1983ರಲ್ಲಿ ಹಾಸನದವರ ನಿದ್ದೆ ಕೆಡಿಸಿದ ಕೀಲು ಮಡಿಕೆಗಳ ಗೋಜು ಕಡಿಮೆಯಾದೀತು. ಇವುಗಳ ಶತ್ರುಗಳಲ್ಲಿ ಮುಖ್ಯವಾದ ಗಾಳಿಯ ಆಮ್ಲಜನಕ ಮತ್ತು ತೇವ ಅಷ್ಟು ಎತ್ತರದಲ್ಲಿ ಇಲ್ಲ. ಆದರೆ ಅಲ್ಲಿನ ಬಿಸಿಲಿನಲ್ಲಿ ಅತಿನೇರಳೆ ಕಿರಣ ಹೆಚ್ಚು, ಬಿಸಿಯಿಂದ ಚಳಿಗೆ ಹೊರಳುವ ಹೊಡೆತ ಜೋರು. ಹೀಗಾಗಿ ಬಾಳಿಕೆಯ ಪ್ರಶ್ನೆ ಉಳಿದೇ ಇದೆ. 2019ರ ಜೂನ್‌ನಲ್ಲಿ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದವರು ಸ್ವೀಡನ್ನಿನ ಕಿರುನಾದಿಂದ ಹಾರಿದ ಪುಟ್ಟ ರಾಕೆಟ್ಟಿನಲ್ಲಿ ಸಾವಯವ ಕೋಶಗಳನ್ನು ಸುಮಾರು 240 ಕಿಲೋಮೀಟರ್ ಎತ್ತರಕ್ಕೆ ಕಳುಹಿಸಿದರು. ಚದರ ಸೆಂಟಿಮೀಟರಿಗೆ 4 ಮಿಲಿವಾಟ್‌ಗೂ ಹೆಚ್ಚು ವಿದ್ಯುತ್ ಬಂತು. ಆ ಕೋಶಗಳು ಬಾಹ್ಯಾಕಾಶದ ಬಿಸಿಲು ಉಂಡದ್ದು ಕೆಲವೇ ನಿಮಿಷ. ಸಾಲಗಾಮೆ ರಸ್ತೆಯ ಬೋಗುಣಿಗಳು ಕಾಯುವ ಉಪಗ್ರಹಗಳಲ್ಲಿ ಹಲವು ಇಂದು ಹದಿನೈದು ವರ್ಷ ಬಾಳಬೇಕು. ಆ ಹದಿನೈದು ವರ್ಷದಲ್ಲಿ ನಡುರಾತ್ರಿಯ ಗ್ರಹಣಗಳೇ ಸಾವಿರಕ್ಕೂ ಹೆಚ್ಚು.